ಮುಳ್ಳಿನ ಮೇಲೆ ಹಾಸಿದ ಕೌದಿ

ನಮ್ಮಜ್ಜ ಹುಟ್ಟಿದಾಗ ನಮ್ಮೂರು ಮದ್ರಾಸಿಗೆ ಸೇರಿತ್ತು. ನಾನು ಶಾಲೆಗೆ ಹೋಗುವಾಗ ದಾವಣಗೆರೆ ಜಿಲ್ಲೆ, ಆಮೇಲೆ ಬಳ್ಳಾರಿ, ಈಗ ವಿಜಯನಗರ. ಇಷ್ಟರಲ್ಲಿ ನಮ್ಮ ಮನೆ ಒಂದು ಗೇಣೂ ಸರಿದಿಲ್ಲ. ಹರಪನಹಳ್ಳಿಯ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿಯಾಗಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಸಾರ್ವಭೌಮತ್ವದ ಪಾಠವನ್ನು ಪ್ರತಿ ವರ್ಷ ಈ ಉದಾಹರಣೆಯಿಂದಲೇ ಶುರು ಮಾಡುತ್ತೇನೆ. ಹುಡುಗರು ನಗುತ್ತಾರೆ, ಒಂದೇ ಬೆಂಚಿನಲ್ಲಿ ಕೂತವರ ಆಧಾರ್ ಕಾರ್ಡುಗಳಲ್ಲಿ ಬೇರೆ ಬೇರೆ ಜಿಲ್ಲೆಯ ಹೆಸರಿರುತ್ತದೆ. ನನ್ನ ಹತ್ತಿರ ಇನ್ನೊಂದು ಉದಾಹರಣೆಯೂ ಇದೆ. ಅದನ್ನು ತರಗತಿಯಲ್ಲಿ ಹೇಳಿಲ್ಲ.

ನಮ್ಮೂರಿನಲ್ಲಿ ಕೆಲವು ವರ್ಷಕ್ಕೊಮ್ಮೆ ಊರಮ್ಮನ ಹಬ್ಬ ಬರುತ್ತದೆ. ಆಗ ಸೀಮೆ ಕಟ್ಟುತ್ತಾರೆ. ಮಂಗಳವಾರ ಬೆಳಿಗ್ಗೆ ಊರಿನ ಎಲ್ಲ ದಾರಿಗಳಿಗೂ ಅಡ್ಡಲಾಗಿ ಜಾಲಿಮುಳ್ಳು ಹಾಕಿದರೆ ತೆಗೆಯುವುದು ಶುಕ್ರವಾರ. ಅಲ್ಲಿಯವರೆಗೆ ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಊರಿನಿಂದ ಒಂದು ಕಾಳು, ಒಂದು ಚರಿಗೆ ನೀರು, ಬೀಡಿ ಹಚ್ಚುವಷ್ಟು ಬೆಂಕಿಯೂ ಆಚೆ ಹೋಗಬಾರದು. ಹೋದರೆ ಊರಿನ ಹುಲುಸು ಅದರ ಬೆನ್ನು ಹತ್ತಿ ಹೋಗುತ್ತದೆ ಎಂಬ ನಂಬಿಕೆ. ಇಟ್ಟಿಗಿಯಿಂದ ಬರುವ ಬಸ್ಸು ಆ ಮೂರು ದಿನ ಮುಳ್ಳಿನ ಆಚೆಯೇ ತಿರುಗಿಸಿಕೊಂಡು ಹೋಗುತ್ತದೆ.

ಸೀಮೆ ಎಲ್ಲಿಂದ ಎಲ್ಲಿಗೆ ಎಂದು ತೋರಿಸುವುದು ನಮ್ಮ ಕೇರಿಯ ಕೆಲಸವಾಗಿತ್ತು, ಕೇರಿಯಲ್ಲೂ ನಮ್ಮ ಮನೆಯದು. ಅಜ್ಜ ತಲೆಯ ಮೇಲೆ ಹಸಿ ಮಣ್ಣಿನ ಹೆಂಟೆ ಇಟ್ಟುಕೊಂಡು, ಬರಿಗಾಲಲ್ಲಿ, ಒಂದು ಗಡಿಕಲ್ಲಿನಿಂದ ಇನ್ನೊಂದಕ್ಕೆ ನಡೆಯುತ್ತಿದ್ದ. ಊರಿನವರು ಹಿಂದೆ ಬರುತ್ತಿದ್ದರು. ಪಕ್ಕದ ಊರಿನೊಂದಿಗೆ ಹೊಲದ ತಕರಾರು ಬಂದರೂ ಹೀಗೇ. ಮಣ್ಣು ಹೊತ್ತವನು ಸುಳ್ಳು ಹೇಳಿದರೆ ಆ ಮಣ್ಣೇ ಅವನ ಕುಣಿಯ ಮಣ್ಣಾಗುತ್ತದೆ ಎಂದು ಎರಡೂ ಊರಿನವರು ಒಪ್ಪಿದ್ದರು. ಊರು ಅಷ್ಟು ನಂಬಿದ ಮನುಷ್ಯ ಊರೊಳಗಿನ ಬಾವಿಗೆ ಕೊಡ ಇಳಿಸುವಂತಿರಲಿಲ್ಲ.

ಈಗ ನಮ್ಮ ಕೇರಿಯಲ್ಲಿ ಇಬ್ಬರು ಮೇಷ್ಟ್ರು, ಒಬ್ಬ ಬಸ್ ಕಂಡಕ್ಟರ್, ಒಬ್ಬ ನರ್ಸ್ ಇದ್ದಾರೆ. ಹಲವು ಮನೆಗಳ ಗೋಡೆಯ ಮೇಲೆ ಬುದ್ಧನ ಪಟವಿದೆ. ಕಳೆದ ಸಲ ಹಬ್ಬದ ಮಾತು ಎದ್ದಾಗ ಕೇರಿಯವರೆಲ್ಲ ಕೂತು ತೀರ್ಮಾನಿಸಿದರು: ಇನ್ನು ಹಬ್ಬಕ್ಕೆ ಹಲಗೆ ಬಡಿಯುವುದಿಲ್ಲ, ಮಣ್ಣು ಹೊರುವುದಿಲ್ಲ. ಅದನ್ನು ಬರೆದು ಕೊಡುವ ಕೆಲಸ ನನಗೆ ಬಂತು. ಒಂದೇ ಪುಟ ಬರೆದೆ. "ಇನ್ನು ಮುಂದೆ ನಮ್ಮ ಕೇರಿ ಈ ಹಬ್ಬಕ್ಕಾಗಲಿ ಅದರ ಕಟ್ಟುಪಾಡಿಗಾಗಲಿ ಸೇರಿದ್ದಲ್ಲ" ಎಂದು ಮುಗಿಸಿದೆ. ನಾಲ್ಕು ಸಲ ಓದಿ ಒಂದು ಅಲ್ಪವಿರಾಮ ತೆಗೆದೆ.

ಮೊದಲ ಸಹಿ ಅಜ್ಜನದು. ಹಾಕುವ ಮುಂಚೆ ಒಂದೇ ಮಾತು ಕೇಳಿದ. "ಬೈಗುಳ ಏನೂ ಇಲ್ಲಲ್ಲ?"

"ಇಲ್ಲಜ್ಜ."

"ಹಂಗಾರ ಸರಿ."

ಆ ವರ್ಷ ಸೀಮೆ ಕಟ್ಟಿಸುವ ಹೊಣೆ ನನ್ನ ಗೆಳತಿಯ ಅಪ್ಪನದು. ಕುರಿ ಸಾಕಿದ ಮನೆ ಅವರದು. ಕೂಡ್ಲಿಗಿಯ ಕಡೆ ಹೊಲಹೊಲಗಳಲ್ಲಿ ಮಂದೆ ತರುಬಿ ಬಂದ ಮನುಷ್ಯ, ಮಾತು ಕಡಿಮೆ. ಕಾಗದವನ್ನು ಎರಡು ಸಲ ಓದಿ, ಮಡಚಿ, ಅಂಗಿಯ ಜೇಬಿಗೆ ಇಟ್ಟುಕೊಂಡರು. "ಸೇರಿದ್ದಲ್ಲ ಅಂದ ಮ್ಯಾಲ ಸೀಮಿ ಹೊರಗ ಆತಲ್ಲ" ಎಂದರು. ಸಿಟ್ಟೇನೂ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ನೋಡಿದರೆ ನಮ್ಮ ಕೇರಿಯ ಬಾಯಿಗೆ, ಬೇವಿನ ಮರದ ಕೆಳಗೆ, ಮೊಳಕಾಲೆತ್ತರ ಮುಳ್ಳು ಬಿದ್ದಿತ್ತು. ಅಜ್ಜನ ತಲೆಮಾರಿನಿಂದ ಅಲ್ಲಿ ಮುಳ್ಳು ಬಿದ್ದಿರಲಿಲ್ಲ. ಗಡಿಕಲ್ಲು ಇರುವುದು ನಮ್ಮ ಕೇರಿಯನ್ನೂ ದಾಟಿ, ಹಳ್ಳದ ದಂಡೆಗೆ. ಕೇರಿಯ ಹುಡುಗರು ಚಪ್ಪಾಳೆ ತಟ್ಟಿದರು. "ಇನ್ನ ಊರಾಗ ಚಾ ಕುಡಿಬೇಕಾದ್ರ ಪಾಸ್‌ಪೋರ್ಟ್ ಮಾಡಿಸ್ರಲೇ" ಎಂದು ಕಂಡಕ್ಟರನ ಮಗ ಕೂಗಿದ. ನನಗೂ ಒಳಗೊಳಗೆ ಖುಷಿಯಾಗಿತ್ತು. ನಾನು ಬರೆದ ಒಂದು ವಾಕ್ಯ ನೆಲದ ಮೇಲೆ ಗೆರೆಯಾಗಿ ಬಿದ್ದಿದ್ದನ್ನು ಅದೇ ಮೊದಲ ಸಲ ನೋಡಿದ್ದೆ.

ಅಷ್ಟರಲ್ಲಿ ಅವ್ವ ಚೀಲ ಹಿಡಿದುಕೊಂಡು ಹೊರಬಂದಳು.

ಅವ್ವ ಆಶಾ ಕಾರ್ಯಕರ್ತೆ. ನನ್ನ ಗೆಳತಿ ಗಂಡನ ಊರಿನಿಂದ ಹೆರಿಗೆಗೆ ತವರಿಗೆ ಬಂದಿದ್ದಳು. ದಿನ ತುಂಬುವ ಮುಂಚೆಯೇ ಹೆಣ್ಣು ಕೂಸು ಹುಟ್ಟಿ ಹನ್ನೆರಡು ದಿನವಾಗಿತ್ತು. ಹುಟ್ಟಿದಾಗ ಒಂದು ಕಿಲೊ ಎಂಟುನೂರು ಗ್ರಾಂ. ಆಮೇಲೆ ಇಳಿದು ಒಂದು ಕಿಲೊ ಏಳುನೂರಕ್ಕೆ ಬಂದಿತ್ತು. ಅವ್ವ ದಿನಾ ಬೆಳಿಗ್ಗೆ ಹೋಗಿ, ಕೈಯಲ್ಲಿ ಹಿಡಿಯುವ ಸ್ಪ್ರಿಂಗ್ ತಕ್ಕಡಿಗೆ ಬಟ್ಟೆಯ ಜೋಳಿಗೆ ಸಿಕ್ಕಿಸಿ ತೂಗುತ್ತಿದ್ದಳು. ಇನ್ನೂ ಇಳಿದರೆ ಹರಪನಹಳ್ಳಿಯ ಆಸ್ಪತ್ರೆಗೆ ಒಯ್ಯಲೇಬೇಕು, ಇಳಿಯದಿದ್ದರೆ ತಾಯಿಯ ಎದೆಯ ಬಿಸಿಯೇ ಸಾಕು. ಯಾವುದು ಎನ್ನುವುದನ್ನು ಆ ಬೆಳಗಿನ ಮುಳ್ಳು ಹೇಳಬೇಕಿತ್ತು, ತಕ್ಕಡಿಯ ಮುಳ್ಳು.

ಗೆಳತಿಯ ಅಪ್ಪ ಆಚೆ ಬದಿಯಲ್ಲಿ ಕಲ್ಲಿನ ಮೇಲೆ ಕೂತಿದ್ದರು.

"ಅಣ್ಣಾ, ಕೂಸಿನ ತೂಕ ನೋಡಬೇಕು. ಐದು ನಿಮಿಷ" ಎಂದಳು ಅವ್ವ.

ಅವರು ತಲೆ ಎತ್ತಲಿಲ್ಲ. "ಕಟ್ಟಿಸಿದವನು ನಾನು ತಂಗಿ. ನಾನಾ ತೆಗೆದ್ರ ಊರು ಏನಂತೈತಿ?"

"ಹಂಗಾರ ಇಲ್ಲಿಗೇ ತರ್ರಿ."

"ಮುಳ್ಳು ದಾಟಿಸಿದ್ರ ಶುಕ್ರವಾರತನ ಒಳಗ ತರಂಗಿಲ್ಲ. ಈ ಬಿಸಲಾಗ ಬಾಣಂತಿನ್ನ ಎಲ್ಲಿ ಇಡ್ಲಿ?"

ನಮ್ಮ ಕಡೆಯಿಂದಲೂ ತಡೆ ಬಂತು. ಕಂಡಕ್ಟರನ ಮಗ ಮುಂದೆ ಬಂದ. "ಚಿಗವ್ವಾ, ನೀ ಒಳಗ ಹೋಗಬ್ಯಾಡ. ಇವತ್ತು ತಕ್ಕಡಿ ಅಂತಾರ, ನಾಳೆ ಹಲಗಿ ತಗಂಬಾ ಅಂತಾರ."

"ಹಲಗಿಗೂ ಕೂಸಿಗೂ ಏನಲೇ ಸಂಬಂಧ?"

"ನಮ್ಮನ್ನ ಕೇಳಬ್ಯಾಡ. ಕಾಗದ ಬರದಾಕಿ ನಿನ್ನ ಮಗಳಾ."

ಎಲ್ಲರೂ ನನ್ನ ಕಡೆ ನೋಡಿದರು. ಅವ್ವ ಮಾತ್ರ ನೋಡಲಿಲ್ಲ. ಅವಳು ಚೀಲದ ಬಾಯಿ ಬಿಗಿಯಾಗಿ ಹಿಡಿದುಕೊಂಡು ಮುಳ್ಳನ್ನೇ ನೋಡುತ್ತಿದ್ದಳು.

ಫೋನ್ ಬಂತು. ಗೆಳತಿ. "ಲೇ, ನಿಮ್ಮವ್ವ ಇನ್ನಾ ಬಂದಿಲ್ಲ. ಕೂಸು ಬೆಳಿಗ್ಗಿಂದ ಸರಿಯಾಗಿ ಚೀಪವಲ್ದು."

"ಮುಳ್ಳು ಹಾಕ್ಯಾರ."

"ಯಾರು?"

"ನಿಮ್ಮಪ್ಪ."

"ಹಾಕಿಸಿದಾಕಿ ಯಾರು?"

ಅವಳೇ ಮುಂದೆ ಹೇಳಿದಳು, "ನೀ ಬರದಿದ್ದು ತಪ್ಪಂತ ಅನ್ನಾಕತ್ತಿಲ್ಲ. ನಾನಾದ್ರೂ ಬರೀತಿದ್ದೆ. ಆದ್ರ ಈ ಕೂಸು ಏನೂ ಬರದಿಲ್ಲಲ್ಲೇ." ಅವಳು ಅಳುತ್ತಿದ್ದಳು ಎಂದು ಉಸಿರಿನಿಂದ ಗೊತ್ತಾಯಿತು. ಏಳನೆಯ ತರಗತಿಯವರೆಗೆ ಒಂದೇ ಬೆಂಚಿನಲ್ಲಿ ಕೂತವರು ನಾವು.

ಅಜ್ಜ ಬೆಳಗಿನಿಂದ ಬೇವಿನ ಬುಡದಲ್ಲಿ ತನ್ನ ಕೌದಿ ಹಾಸಿಕೊಂಡು ಕೂತಿದ್ದ. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಅಜ್ಜ, ಕಾಗದ ವಾಪಸ್ ತಗೊಳ್ಳಾ?"

ಅಜ್ಜ ನನ್ನ ಮೇಲೆ ಸಿಟ್ಟಾದದ್ದು ಅಪರೂಪ. "ಯಾಕ? ಅದರಾಗ ಸುಳ್ಳೇನರ ಬರದೀಯೇನು?"

"ಇಲ್ಲ."

"ಮತ್ತ?"

ಅವನು ಮರವನ್ನು ನೋಡಿದ. ಬೇವಿನ ಬೊಡ್ಡೆ ನಮ್ಮ ಕಡೆಗಿದೆ. ಒಂದು ದಪ್ಪ ಕೊಂಬೆ ಮುಳ್ಳಿನ ಮೇಲೆ ಹಾದು ಊರ ಬೀದಿಯ ಮೇಲೆ ಚಾಚಿದೆ. ಅಜ್ಜ ಕೋಲೂರಿ ಎದ್ದ.

"ಯಜಮಾನಾ, ಸೀಮಿ ಅಂದ್ರ ಯಾವುದು?"

ಗೆಳತಿಯ ಅಪ್ಪ ನಕ್ಕರು. "ನನ್ನ ಕೇಳ್ತಿಯಲ್ಲ ಯಜ್ಜಾ. ಬಲ್ಲವನು ನೀನು. ಇನ್ನ ಹೇಳಂಗಿಲ್ಲ ಅಂತ ಬರದು ಕೊಟ್ಟೀರಿ."

"ಹೊರಂಗಿಲ್ಲ ಅಂತ ಬರದೀವಿ. ಕೇಳಿದ್ರ ಹೇಳಂಗಿಲ್ಲ ಅಂತ ಎಲ್ಲಿ ಬರದೀವಿ?" ಅಜ್ಜ ನನ್ನ ಕಡೆ ತಿರುಗಿದ. ನಾನು ಮನಸ್ಸಿನಲ್ಲೇ ಪುಟ ಓದಿಕೊಂಡು, ಇಲ್ಲ ಎಂದು ತಲೆ ಆಡಿಸಿದೆ.

"ಹಂಗಾರ ಹೇಳು" ಎಂದರು ಅವರು.

"ಸೀಮಿ ನೆಲದ್ದು. ನಾನು, ನಮ್ಮಪ್ಪ, ಅವರಪ್ಪ ಕಲ್ಲಿಂದ ಕಲ್ಲಿಗೆ ನೆಲದ ಮ್ಯಾಲ ನಡದೀವಿ. ಗಾಳ್ಯಾಗ ಯಾರೂ ನಡದಿಲ್ಲ. ಹಕ್ಕಿ ದಾಟತಾವ, ಬೇವಿನ ಎಲಿ ಆ ಕಡಿ ಉದರತೈತಿ. ಅದಕ್ಕ ಊರಮ್ಮ ಮುನಿದಿದ್ದು ನಾ ಕಂಡಿಲ್ಲ. ನೆಲ ಮುಟ್ಟಿದ್ದು ದಾಟಿದಂಗ. ಮುಟ್ಟಲಾರದ್ದು ದಾಟಿಲ್ಲ."

ದೇಶಗಳು ತಮ್ಮ ಮೇಲಿನ ಆಕಾಶವೂ ತಮ್ಮದೇ ಎನ್ನುತ್ತವೆ, ಅದಕ್ಕಾಗಿ ವಿಮಾನಗಳನ್ನೂ ಹೊಡೆದುರುಳಿಸುತ್ತವೆ. ಅದು ನಮ್ಮ ಪಠ್ಯದ ಎರಡನೆಯ ಅಧ್ಯಾಯ. ನಾನು ಬಾಯಿ ಬಿಡಲಿಲ್ಲ.

ಗೆಳತಿಯ ಅಪ್ಪ ತಲೆ ಎತ್ತಿ ಕೊಂಬೆಯನ್ನು ನೋಡಿದರು. "ಮಣ್ಣು ಹೊತ್ತು ಹೇಳ್ತಿಯಾ ಇದನ್ನ?"

"ಇಲ್ಲ. ಮಣ್ಣು ಇಳಿಸೀನಿ. ಬರೇ ತಲಿಲೇ ಹೇಳಾಕತ್ತೀನಿ. ನಂಬಿದ್ರ ನಂಬು."

ಅವರು ಎದ್ದು ನಿಂತರು. ಬೀದಿಯ ಕಡೆ ತಿರುಗಿ ಮನೆಯವರನ್ನು ಕೂಗಿದರು. "ಏ, ಕೂಸಿನ್ನ ಕರ್ಕಂಡು ಬರ್ರಿ, ಲಗೂನ." ಬೆಳಗಿನಿಂದ ಆ ಮನುಷ್ಯ ಮನೆಗೆ ಹೋಗದೆ ಆ ಕಲ್ಲಿನ ಮೇಲೆಯೇ ಯಾವ ಮಾತಿಗೆ ಕಾದು ಕೂತಿದ್ದರು ಎಂದು ಆಗ ನನಗೆ ತಿಳಿಯಿತು.

ಕೊಂಬೆಗೆ ಹಗ್ಗ ಹಾಕಿ ತಕ್ಕಡಿ ಇಳಿಬಿಟ್ಟೆವು. ಗೆಳತಿ ತಲೆಗೆ ಕಿವಿಗೆ ಬಟ್ಟೆ ಸುತ್ತಿಕೊಂಡು, ಕೂಸನ್ನು ಎದೆಗೆ ಕಟ್ಟಿಕೊಂಡು ಬಂದಳು. ಕೆಳಗಿನ ಮುಳ್ಳು ನೋಡಿ ಅವಳು ಅಲ್ಲೇ ನಿಂತುಬಿಟ್ಟಳು. ಅವ್ವ ಸುತ್ತ ನೋಡಿ, ಅಜ್ಜನ ಕೌದಿಯನ್ನು ಎಳೆದುಕೊಂಡು, ನಾಲ್ಕು ಮಡಿಕೆ ಮಾಡಿ ಮುಳ್ಳಿನ ಮೇಲೆ ಹಾಸಿದಳು. ತೀರಿಕೊಂಡ ನಮ್ಮಜ್ಜಿ ತನ್ನ ಹಳೆಯ ಸೀರೆಗಳಲ್ಲಿ ಹೊಲಿದದ್ದು. ಅಜ್ಜ ಅದನ್ನು ಯಾರಿಗೂ ಮುಟ್ಟಗೊಡುವುದಿಲ್ಲ.

"ಕೌದಿ ಎರಡೂ ಕಡಿ ಮುಟ್ಟೈತಲ್ಲ ಯಜ್ಜಾ" ಎಂದರು ಗೆಳತಿಯ ಅಪ್ಪ.

"ಮುಳ್ಳು ಮುಟ್ಟೈತಿ. ನೆಲ ಎಲ್ಲಿ ಮುಟ್ಟೈತಿ? ಬಗ್ಗಿ ನೋಡು."

ಅವರು ನಿಜವಾಗಿಯೂ ಬಗ್ಗಿ ನೋಡಿದರು. ಎರಡೂ ಕಡೆಯವರು ನಕ್ಕರು.

ಗೆಳತಿ ಆ ಕಡೆಯಿಂದ ಕೂಸನ್ನು ಜೋಳಿಗೆಯಲ್ಲಿ ಮಲಗಿಸಿದಳು. ಅವ್ವ ಈ ಕಡೆಯಿಂದ ಅಂಚು ಹಿಡಿದಳು. ಮೊದಲು ಗೆಳತಿ ಕೈ ಬಿಟ್ಟಳು, ಆಮೇಲೆ ಅವ್ವ. ಕೂಸು ಮುಳ್ಳಿನ ಮೇಲೆ, ಕೌದಿಯಿಂದ ಗೇಣಷ್ಟು ಎತ್ತರದಲ್ಲಿ, ಒಂದು ಸುತ್ತು ತಿರುಗಿ ನಿಂತಿತು. ಅಳಲಿಲ್ಲ. ಬೇವಿನ ಎಲೆಗಳ ನಡುವೆ ಆಡುವ ಬೆಳಕಿಗೆ ಕಣ್ಣು ಕಿರಿದು ಮಾಡಿತು.

"ಒಂದು ಏಳುನೂರು" ಎಂದಳು ಅವ್ವ. "ಇಳಿದಿಲ್ಲ."

ಗೆಳತಿ ಕೂಸನ್ನು ಎತ್ತಿ ಮತ್ತೆ ಎದೆಗೆ ಕಟ್ಟಿಕೊಂಡು ಅಲ್ಲೇ ಕೂತಳು. ಅವ್ವ ಅವಳನ್ನು ಗದರಿಸಿ ಎಬ್ಬಿಸಿ, ಮೊಲೆಹಾಲು ಹಿಂಡಿ ಒಳಲೆಯಲ್ಲಿ ಎರಡು ತಾಸಿಗೊಮ್ಮೆ ಹನಿಹನಿಯಾಗಿ ಕುಡಿಸುವುದನ್ನು ಮುಳ್ಳಿನ ಆಚೆಯಿಂದಲೇ ಕೈಯಲ್ಲಿ ಮಾಡಿ ತೋರಿಸಿದಳು.

ಬುಧವಾರ ಒಂದು ಏಳುನೂರ ಐವತ್ತು. ಅಷ್ಟು ಹೊತ್ತಿಗೆ ಸುದ್ದಿ ಹಬ್ಬಿ ಎರಡೂ ಕಡೆ ಜನ ನಿಂತಿದ್ದರು. ಅವ್ವ ಸಂಖ್ಯೆಯನ್ನು ಎರಡೂ ಕಡೆ ಕೇಳುವಂತೆ ಕೂಗಿದಳು. ಗುರುವಾರ ಹಗ್ಗ ಹಿಡಿದವನು ಕಂಡಕ್ಟರನ ಮಗ. "ಹಲಗಿ ಮಾತ್ರ ಕೇಳಬ್ಯಾಡ್ರಪ" ಎಂದು ಆಚೆಯವರಿಗೆ ಹೇಳಿದ. "ನಿನ್ನ ಕೈಯಾಗ ಹಲಗಿ ಕೊಟ್ರ ಊರಮ್ಮ ಓಡಿಹೋಗ್ತಾಳ, ಹಗ್ಗ ಹಿಡಿ ಸುಮ್ನ" ಎಂದಳು ಆ ಕಡೆಯಿಂದ ಒಬ್ಬ ಮುದುಕಿ. ಮುಳ್ಳು ಒಂದು ಎಂಟುನೂರರ ಗೆರೆಗೆ ಬಂದು ನಿಂತಿತು. ಹುಟ್ಟಿದಾಗಿನ ತೂಕ.

ಶುಕ್ರವಾರ ಬೆಳಿಗ್ಗೆ ಮುಳ್ಳು ತೆಗೆದರು. ಗೆಳತಿಯ ಅಪ್ಪ ಕೌದಿಯನ್ನು ಕೊಡವಿ ತಂದು ಅಜ್ಜನ ಮುಂದೆ ಇಟ್ಟರು. ಬಟ್ಟೆಯ ತುಂಬ ತೂತು.

"ನಿಮ್ಮ ಕಾಗದ ನನ್ನ ಹತ್ರಾನಾ ಐತಿ ಯಜ್ಜಾ. ಮುಂದಿನ ಹಬ್ಬಕ್ಕೂ ಮುಳ್ಳು ಇಲ್ಲೇ ಬೀಳತೈತಿ."

"ಬೀಳ್ಲಿ" ಎಂದ ಅಜ್ಜ. "ಬೇವಿನ ಕೊಂಬಿ ಕಡಿಬ್ಯಾಡ್ರಿ, ಅಷ್ಟಾ."

ಅವ್ವನ ಜೊತೆ ನಾನೂ ಹೋದೆ. ಚಿಕ್ಕವರಿದ್ದಾಗ ಆ ಮನೆಯ ಪಡಸಾಲೆಯಲ್ಲಿ ಗಂಟೆಗಟ್ಟಲೆ ಆಡಿದ್ದೇನೆ. ಪಡಸಾಲೆಯಿಂದ ಮುಂದೆ ಹೋಗಿರಲಿಲ್ಲ. ಅವಳು ಕರೆದಿರಲಿಲ್ಲ, ನಾನು ಕೇಳಿರಲಿಲ್ಲ. ಅವ್ವನಿಗೆ ಒಳಗೆ ಹೋಗುವುದು ಕೆಲಸ. ಚಪ್ಪಲಿ ಬಿಟ್ಟು ನೇರ ನಡೆದಳು. ನಾನು ಅಭ್ಯಾಸದಂತೆ ಕಂಬದ ಹತ್ತಿರ ನಿಂತುಕೊಂಡೆ.

ಒಳಗಿನಿಂದ ಕೂಸು ಕಿರುಚುವ ಸದ್ದು ಕೇಳಿತು. ತಕ್ಕಡಿಗೆ ಏರಿಸಿದ್ದರೇನೋ.

"ನೋಡಲೇ ಇದರ ಸೊಕ್ಕು!" ಗೆಳತಿಯ ದನಿ. "ಗಿಡದಾಗ ತೂಗಿದ್ರ ಸುಮ್ಮನಿರ್ತಿತ್ತು, ಮನ್ಯಾಗ ತೂಗಿದ್ರ ಒದರ್ತೈತಿ. ನಿಮ್ಮವ್ವನ ಕೈ ಸೋಲಾಕತ್ಯಾವ. ಅಲ್ಲಿ ಏನ್ ಕಂಬ ಹಿಡ್ಕಂಡು ನಿಂತಿ? ಒಳಗ ಬಾ, ತಕ್ಕಡಿ ಹಿಡಿ."

ನಾನು ಹೊಸ್ತಿಲು ದಾಟಿ ಹೋಗಿ ಹಿಡಿದೆ. ಕೂಸು ಒದ್ದಾಡುತ್ತಿದ್ದರಿಂದ ಮುಳ್ಳು ನಿಲ್ಲಲೇ ಇಲ್ಲ. ಬಹಳ ಹೊತ್ತು ಹಿಡಿದುಕೊಂಡೇ ನಿಲ್ಲಬೇಕಾಯಿತು.