ಯಾದವಗಿರಿ ಬಂಗಲೆಯ ಕರೆಗಂಟೆ

ನಾನು ಮನೆ ದಲ್ಲಾಳಿ. ಯಾದವಗಿರಿಯ ಆ ಬಂಗಲೆಯನ್ನು ಸಾಹುಕಾರರೊಬ್ಬರು ಹೆಂಡತಿಯ ಇಷ್ಟದಂತೆ ಕಟ್ಟಿಸಿದ್ದರು. ಅಮೃತಶಿಲೆಯ ನೆಲ, ಕೆತ್ತನೆಯ ತೇಗದ ಮೆಟ್ಟಿಲು, ಪ್ರತಿ ಕೋಣೆಯಿಂದಲೂ ಅಡಿಗೆಮನೆಗೆ ಕರೆಂಟಿನ ಕರೆಗಂಟೆ. ಆಕೆ ತೀರಿಕೊಂಡ ಮೇಲೆ ಮನೆಯನ್ನು ಮಾರಾಟಕ್ಕಿಟ್ಟು, ಕರೆಂಟನ್ನೂ ತೆಗೆಸಿಬಿಟ್ಟರು.

ಒಂದು ಮಧ್ಯಾಹ್ನ ಚಾಮರಾಜಪುರಂನ ವಕೀಲರಿಗೂ ಅವರ ಹೆಂಡತಿಗೂ ಮನೆ ತೋರಿಸಿ, ಮಹಡಿಗೆ ನಾನೇ ಬೀಗ ಹಾಕಿ ಕೆಳಗಿಳಿದೆ. ಹೊರಡುವಾಗ ಅಡಿಗೆಮನೆಯ ಗಂಟೆ ಹೊಡೆಯಿತು.

ಮನೆ ಕಾಯುತ್ತಿದ್ದ ಸಿದ್ದಮ್ಮ ಮಹಡಿಯತ್ತ ನೋಡಿ, "ಈಗ್ಲೇ ತಂದೆ ಅಮ್ಮಾವ್ರೇ" ಎಂದು ಕುಂಕುಮದ ಭರಣಿ ತಂದಳು.

"ಮುತ್ತೈದೇನ ಕುಂಕುಮ ಕೊಡದೆ ಕಳಿಸ್ತೀಯಾ ಅಂತ ಅಮ್ಮಾವ್ರು ಬಯ್ತಾವ್ರೆ. ಇಟ್ಕಳ್ರವ್ವ."

ವಕೀಲರು ಆಗಲೇ ಗೇಟಿನಾಚೆ ನಿಂತಿದ್ದರು. ಅವರ ಹೆಂಡತಿಯೂ ಒಂದು ಕಾಲು ಹೊಸ್ತಿಲಾಚೆ ಇಟ್ಟಿದ್ದರು. ಆದರೂ ಕುಂಕುಮವನ್ನು ಬೇಡ ಅನ್ನುವುದು ಹೇಗೆ? ಹಣೆಗಿಟ್ಟುಕೊಂಡು, ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಈ ಮನೆ ನಾವು ತಗೊಂಡ್ರೆ, ಆ ಅಮ್ಮಾವ್ರು ಎಲ್ಲಿಗೆ ಹೋಗ್ತಾರೆ?"

ಬಾವಿಯ ನೀರು, ಕಾಂಪೌಂಡು, ವಾಸ್ತು ಅಂತ ಗಿರಾಕಿಗಳು ಏನು ಕೇಳಿದರೂ ನನ್ನ ಬಾಯಲ್ಲಿ ಉತ್ತರ ಸಿದ್ಧವಿರುತ್ತದೆ. ಈ ಪ್ರಶ್ನೆಗೆ ಮಾತ್ರ ನಾನು ಬಾಯಿ ತೆರೆಯುವ ಮೊದಲೇ ಅಡಿಗೆಮನೆಯ ಗಂಟೆ ಉತ್ತರ ಕೊಟ್ಟಿತು.