ಪಕ್ಕದ ಬೆಂಚಿನವಳ ಮನೆ

ಹೊಟ್ಟೆಕಿಚ್ಚು ಎಂದರೆ ಏನೆಂದು ನನಗೆ ಕಲಿಸಿದ್ದು ಏಳನೇ ತರಗತಿಯ ಮಕ್ಕಳು. ಅದರಲ್ಲೂ ನಾನೇ ಹೆತ್ತ ಮಗಳು.

ಆಗ ನಾವು ಸಿರಿಗೇರಿಯಲ್ಲಿ ಬಾಡಿಗೆಗಿದ್ದೆವು. ಗಂಡ ಸಿರುಗುಪ್ಪದ ಅಕ್ಕಿ ಗಿರಣಿಯ ಲಾರಿ ಓಡಿಸುತ್ತಿದ್ದ, ನಾನು ಮನೆಯಲ್ಲೇ ಜಂಪರು ಹೊಲಿಯುತ್ತಿದ್ದೆ. ಬಳ್ಳಾರಿಯ ಬ್ರೂಸ್‌ಪೇಟೆ, ಕುರುಗೋಡು ಎಲ್ಲ ಮುಗಿಸಿ ಬಂದವರು ನಾವು. ಹೋದಲ್ಲೆಲ್ಲ ಶಾಸ್ತ್ರಕ್ಕೆ ಹಾಲು ಉಕ್ಕಿಸುತ್ತಿದ್ದೆ, ಆದರೆ ಗೋಡೆಗೊಂದು ಮೊಳೆ ಹೊಡೆಯುವ ಹಕ್ಕು ಎಲ್ಲಿಯೂ ಇರಲಿಲ್ಲ. ದೇವರ ಫೋಟೋ ಕಿಟಕಿಯ ಸರಳಿಗೆ ದಾರದಲ್ಲಿ ಜೋತಾಡುತ್ತಿತ್ತು. ಇಲ್ಲಿಯೂ ಮಾಲೀಕರು ಮಗನ ಮದುವೆ ಎಂದು ಮನೆ ಖಾಲಿ ಮಾಡಲು ಹೇಳಿದ್ದರು.

ಅದೇ ಹೊತ್ತಿಗೆ ಶಾಲೆಯಲ್ಲಿ ಮಕ್ಕಳ ಗ್ರಾಮಸಭೆ ಬಂತು. ಊರಿನ ಸೂರಿಲ್ಲದವರ ಪರವಾಗಿ ಮಕ್ಕಳೇ ಪಂಚಾಯಿತಿಯವರನ್ನು ಕೇಳುವುದೆಂದಾಗಿತ್ತು. ಮಾತಾಡಲು ನನ್ನ ಮಗಳನ್ನೇ ಆರಿಸಿದ್ದರು. ನಾನು ಬಿಡುತ್ತೇನೆಯೇ? ರೊಟ್ಟಿ ಬಡಿಯುತ್ತಲೇ ಪಾಠ ಮಾಡಿದೆ.

“ಬಾಡಿಗಿ ಮನ್ಯಾಗಿರೋರ ಕಷ್ಟ ಹೇಳು. ನಿಮ್ಮಪ್ಪನ ಹೆಸರು ಹೇಳು. ಮರಿಬ್ಯಾಡಲೇ!”

“ಆತವ್ವಾ,” ಎಂದಳು.

ಸಭೆಯ ದಿನ ಹೊಲಿಗೆ ಬಿಟ್ಟು ಹೋಗಿ ಬೇವಿನ ಗಿಡದ ಕೆಳಗೆ ನಿಂತೆ. ಮಗಳು ಎದ್ದು ಮಾತಾಡಿದಳು. ಅದೂ ಪೂರಾ ತರಗತಿಯಲ್ಲಿ ಪಕ್ಕದ ಬೆಂಚಿನ ಗೆಳತಿಯ ಬಗ್ಗೆ! ಕಾಲುವೆ ದಂಡೆಯ ತಾಡಪತ್ರಿ ಗುಡಿಸಲಿನಲ್ಲಿ ಆ ಹುಡುಗಿಯ ಪುಸ್ತಕ ನೆನೆದದ್ದು, ಅವಳ ತಾಯಿ ನಾಟಿಗೆ ಹೋದಾಗ ನಾಯಿ ಹಿಟ್ಟಿನ ಡಬ್ಬಿ ಎಳೆದೊಯ್ದದ್ದು. “ಇವರಿಗೆ ಮನಿ ಯಾವಾಗ ಕೊಡ್ತೀರಿ?” ಎಂದು ಅಧ್ಯಕ್ಷರನ್ನೇ ಕೇಳಿದಳು. “ಹೇಳ್ರಿ, ಹೇಳ್ರಿ” ಎಂದು ಉಳಿದ ಮಕ್ಕಳೂ ಗಂಟುಬಿದ್ದರು. ನಮ್ಮ ಸುದ್ದಿ ಒಂದಕ್ಷರ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಸೆರಗು ಹಿಂಡುತ್ತ ನಿಂತಿದ್ದೆ.

ನಾವು ಅದೇ ಊರಲ್ಲಿ ಇನ್ನೊಂದು ಬಾಡಿಗೆ ಕೋಣೆ ಹಿಡಿದೆವು. ಮಕ್ಕಳು ಮಾತ್ರ ಸುಮ್ಮನಾಗಲಿಲ್ಲ, ಶಾಲೆ ಬಿಟ್ಟ ಮೇಲೆ ಪಂಚಾಯಿತಿಗೆ ಹೋಗಿ ಕೇಳುತ್ತಲೇ ಇದ್ದರು. ಮರುವರ್ಷ ಗೆಳತಿಯ ಮನೆ ಎದ್ದಿತು. ಗೃಹಪ್ರವೇಶಕ್ಕೆ ಹೋಗಬಾರದು ಎಂದುಕೊಂಡೇ ಹೋದೆ. ಆ ಹುಡುಗಿಯ ತಾಯಿ ಗೋಡೆಗೆ ಮೊಳೆ ಹೊಡೆಯುತ್ತಿದ್ದಳು. ಒಂದಲ್ಲ, ನಾಲ್ಕು! ತೂಗುಹಾಕಲು ಏನೂ ಇಲ್ಲ, ಆದರೂ ಹೊಡೆಯುತ್ತಿದ್ದಾಳೆ ಮಹಾತಾಯಿ! “ಬಾಳ ಚಲೋ ಆಗೇತಿ ಬಿಡವಾ ಮನಿ,” ಎಂದೆ. ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು.

ಹೊಸ ಒಲೆಯ ಮೇಲೆ ಹಾಲಿಟ್ಟರು. ತಡೆಯಲಾಗದೆ ಮಗಳನ್ನು ಹೊರಗೆ ಎಳೆದುಕೊಂಡು ಹೋದೆ.

“ಅವತ್ತು ನಮ್ಮ ಸುದ್ದಿ ಯಾಕ ಎತ್ತಲಿಲ್ಲ ನೀನು? ಇದು ನಮಗ ಬರಬೇಕಿತ್ತು!”

ಅವಳಿಗೆ ನನ್ನ ಸಿಟ್ಟೇ ಅರ್ಥವಾಗಲಿಲ್ಲ. “ನಾವು ಬ್ರೂಸ್‌ಪೇಟ್ಯಾಗ ಹಾಲು ಉಕ್ಕಿಸಿದ್ವಿ, ಕುರುಗೋಡಿನಾಗ ಉಕ್ಕಿಸಿದ್ವಿ, ಇಲ್ಲೂ ಉಕ್ಕಿಸಿದ್ವಿ. ಪ್ರತಿ ಸಲಾನೂ ‘ಇನ್ನ ಇದ ನಮ್ಮ ಮನಿ’ ಅಂದಿ ನೀನು. ಇವರು ಒಮ್ಮಿನೂ ಉಕ್ಕಿಸಿದ್ದಿಲ್ಲವ್ವಾ.”

ಒಳಗೆ ಹಾಲು ಉಕ್ಕಿತು, ಎಲ್ಲರೂ ಹೋ ಎಂದರು. ಗೆಳತಿಯ ತಾಯಿ ಮೊದಲ ಲೋಟ ತಂದು ನನ್ನ ಕೈಗೇ ಕೊಟ್ಟಳು, ಕುಡಿದೆ. ಕಿಚ್ಚು ಆರಿತು ಎಂದು ಸುಳ್ಳು ಹೇಳಲಾರೆ. ಈಗಲೂ ಆ ಮನೆಯ ಮುಂದೆ ಹಾದರೆ ಆ ನಾಲ್ಕು ಮೊಳೆ ನೆನಪಾಗಿ ಉರಿಯುತ್ತದೆ.

ಮತ್ತೆ ಮನೆ ಬದಲಿಸಿದಾಗ ನಾನೇ ಹಾಲಿಟ್ಟೆ. ಉಕ್ಕಿತು. ಯಾವಾಗಲೂ ಆಡುವ ‘ಇನ್ನ ಇದ ನಮ್ಮ ಮನಿ’ ಎಂಬ ಮಾತು ಬಾಯಿಗೆ ಬರಲಿಲ್ಲ. ಮಗಳು ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದಳು.