ಮೊದಲು ಉಣ್ಣಿಸಿದವರು

ನಮ್ಮ ಅತ್ತೆಯ ಹೆಬ್ಬೆರಳು ಬಲು ಒರಟು. ಮಗ್ಗಕ್ಕೆ ನೂಲು ಸುತ್ತಿ ಸುತ್ತಿ ತುದಿಯಲ್ಲಿ ಗೀರು ಬಿದ್ದು, ಆ ಗೀರಿನೊಳಗೆ ಸೀರೆಯ ಕೆಂಪು ಬಣ್ಣ ಇಂಗಿಹೋಗಿತ್ತು. ಬೆಳಿಗ್ಗೆ ನಾನು ಮುಖ ತೊಳೆದು ಬಂದರೆ ಅದೇ ಬೆರಳಿನಿಂದ ನನ್ನ ಕೆಳರೆಪ್ಪೆ ಎಳೆದು, ಬಾಗಿಲ ಬೆಳಕಿಗೆ ತಿರುಗಿಸಿ ನೋಡುತ್ತಿದ್ದರು. "ಇನ್ನೂ ಬೆಳ್ಳಗ ಐತಿ" ಎಂದು ಗೊಣಗಿ ಒಳಗೆ ಹೋಗುತ್ತಿದ್ದರು.

ಮದುವೆಯಾಗಿ ಬೇವೂರಿನಿಂದ ಇಳಕಲ್ಲಿಗೆ ಬಂದಾಗ ನನಗೆ ಸದಾ ದಣಿವು. ರಾತ್ರಿಯೆಲ್ಲ ಮಲಗಿದರೂ ಏಳುವಾಗ ಮೈ ಭಾರ. ಕೊಡ ಎತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಹೇಳಿಕೊಂಡರೆ ಆಲಸಿ ಎಂದಾರೆಂದು ಬಾಯಿ ಬಿಟ್ಟಿರಲಿಲ್ಲ. ಒಂದು ದಿನ ರೊಟ್ಟಿ ಬೇಯಿಸುತ್ತ ಕೂತಲ್ಲೇ ತೂಕಡಿಸಿದೆ. ಹಂಚಿನ ಮೇಲಿನ ರೊಟ್ಟಿ ಕರಕಾಗಿ ಅಡುಗೆಮನೆ ತುಂಬ ಹೊಗೆ. ಅತ್ತೆ ಓಡಿ ಬಂದರು. ಬೈಗುಳಕ್ಕೆ ಸಿದ್ಧಳಾಗಿ ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ, ಬಾಗಿಲ ಚೌಕಟ್ಟು ಹಿಡಿದು ನನ್ನನ್ನೇ ನೋಡುತ್ತ ನಿಂತರು. ಆಮೇಲೆ, "ಸೀರಿ ಬದಲ ಮಾಡು, ದವಾಖಾನಿಗೆ ಹೋಗೂಣು" ಎಂದರು.

ಡಾಕ್ಟರಬಾಯಿ ನನ್ನ ರೆಪ್ಪೆ ಎಳೆದು ನೋಡಿ, ರಕ್ತ ತಪಾಸಣೆ ಮಾಡಿಸಿದರು. ಅತ್ತೆ ಕೇಳಿದ್ದು ಒಂದೇ ಮಾತು: "ಇದು ಮೈಗಳ್ಳತನ ಅಲ್ಲೇನ್ರಿ?"

"ಅಲ್ಲಬೇ. ಮೈಯಾಗ ರಕ್ತನ ಇಲ್ಲ. ಹೊಟ್ಟಿ ತುಂಬ ಉಣ್ಣಾಕ ಹಾಕ್ರಿ, ಗುಳಿಗಿ ತಪ್ಪಿಸಬ್ಯಾಡ್ರಿ. ಉಂಡ ಕೂಡ್ಲೆ ಚಾ ಕೊಡಬ್ಯಾಡ್ರಿ."

ಹೊರಗೆ ಬಂದ ಅತ್ತೆ ಬೇವಿನ ಗಿಡದ ಕಟ್ಟೆಯ ಮೇಲೆ ಕೂತುಬಿಟ್ಟರು. ನನ್ನ ಗಂಡನಿಗೆ ಒಬ್ಬ ಅಕ್ಕ ಇದ್ದಳು, ಹೆರಿಗೆಯಲ್ಲಿ ತೀರಿಕೊಂಡಳು ಎಂಬುದಷ್ಟೇ ನನಗೆ ಗೊತ್ತಿತ್ತು. ಉಳಿದದ್ದನ್ನು ಅತ್ತೆ ಅವತ್ತು ಹೇಳಿದರು.

"ಆಕಿನೂ ನಿನ್ನಂಗ ಕುಂತಲ್ಲೆ ನಿದ್ದಿ ಮಾಡ್ತಿದ್ಲು. ಯವ್ವಾ, ಕಾಲಾಗ ಬಲ ಇಲ್ಲ ಅಂತಿದ್ಲು. ಮೈಗಳ್ಳಿ ಅಂತ ಬೈದು, ಮಾರಿಗೆ ನೀರ ಸುರುವಿ ಎಬ್ಬಿಸೇನಿ ನಾ. ಹೆರಿಗ್ಯಾಗ ರಕ್ತ ಹೋತು, ಆಕಿ ತಡಕೊಳ್ಳಲಿಲ್ಲ. ದೇವರ ಇಚ್ಛಾ ಅಂತ ತಿಳಕೊಂಡಿದ್ದೆ, ಇವತ್ತಿನ ತನಕ."

ಮರುದಿನದಿಂದ ಮನೆಯ ಕ್ರಮ ಬದಲಾಯಿತು. ಬೆಳಿಗ್ಗೆ ನನ್ನ ರೆಪ್ಪೆ ಎಳೆದು ನೋಡುವುದೂ ಅವತ್ತೇ ಶುರುವಾದದ್ದು. ಗಂಡಸರು ಉಂಡೆದ್ದ ಮೇಲೆ ಉಳಿದದ್ದನ್ನು ಹೆಂಗಸರು ಉಣ್ಣುವುದು ನಮ್ಮಲ್ಲಿ ರೂಢಿ. ಅತ್ತೆ ನನ್ನನ್ನೇ ಮೊದಲು ಕೂಡಿಸಿದರು. ಬಿಸಿ ರೊಟ್ಟಿ, ಪುಂಡಿಪಲ್ಯ, ಮೊಳಕೆ ಬರಿಸಿದ ಹೆಸರುಕಾಳು, ಅದರ ಮೇಲೆ ಹಿಂಡಿದ ಲಿಂಬೆಹಣ್ಣು. ಮಧ್ಯಾಹ್ನ ನೂಲು ಸುತ್ತುವ ನನ್ನ ಪಾಲಿನ ಕೆಲಸವನ್ನೂ ತಾವೇ ಮಾಡಿ, ನನ್ನನ್ನು ಮಲಗಿಸುತ್ತಿದ್ದರು.

"ಸೊಸಿ ಮೊದಲ ಉಣ್ಣೂದು ಎಲ್ಲಿ ಪದ್ಧತಿ?" ಎಂದು ಮಾವ ಸಿಡುಕಿದರು.

"ನಿಮ್ಮ ಪದ್ಧತಿ ನನ್ನ ಮಗಳನ್ನ ತಿಂದೈತಿ. ಸಾಕು."

ಮಾವ ಎದ್ದು ಪಡಸಾಲೆಗೆ ಹೋದರು. ನಾನು ಮಾತ್ರ ರೊಟ್ಟಿ ಮುರಿಯಲು ಹಿಂಜರಿಯುತ್ತಿದ್ದೆ, ಬೇರೆಯವರ ತಾಟಿನ ಮುಂದೆ ಕೂತವಳಂತೆ. "ನೀವೂ ಬರ್ರಿ ಅತ್ತಿ" ಎಂದರೆ, "ಮೊದಲ ನೀ ಉಣ್ಣು" ಎನ್ನುತ್ತಿದ್ದರು.

ತಿಂಗಳುಗಳು ಕಳೆದಂತೆ ಮೈ ಹಗುರಾಯಿತು. ಬನಶಂಕರಿಗೆ ಹೋದವರು ಹಾಗೇ ಬಾದಾಮಿ ಗುಡ್ಡದ ಮೇಣಬಸದಿ ಗುಹೆಗಳಿಗೂ ಹೋದೆವು. ನಾನು ಎಲ್ಲೂ ನಿಲ್ಲದೆ ಮೆಟ್ಟಿಲು ಹತ್ತಿ, ನಗುತ್ತ ತಿರುಗಿ ನೋಡಿದರೆ ಅತ್ತೆ ಕೆಳಗೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಇಳಿದು ಹೋಗಿ, "ಕಾಲು ನೋಯಾಕತ್ತಾವೇನ್ರಿ?" ಎಂದೆ.

"ಇಲ್ಲವ್ವ. ಹೊಟ್ಟಿ ತುಂಬ ಉಣಿಸಿದ್ರ ಆಕಿನೂ ಹಿಂಗ ಹತ್ತತಿದ್ಲು."

ನನ್ನ ಕಾಲಿಗೆ ಬಂದ ಬಲಕ್ಕೆ ನನಗೇ ನಾಚಿಕೆಯಾಯಿತು.

ಹೋದ ವರ್ಷ ಅತ್ತೆ ಹಾಸಿಗೆ ಹಿಡಿದರು. ಮಂದಿಯ ಗುರುತು ತಪ್ಪತೊಡಗಿತ್ತು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ನನ್ನ ಕೈ ಹಿಡಿದು, ಮಗಳ ಹೆಸರಿನಿಂದ ಕರೆದರು. "ನನ್ನ ಮ್ಯಾಲ ಸಿಟ್ಟ ಆಗಿಯೇನವ್ವಾ?"

ನಾನು ಅವಳಲ್ಲ ಎಂದು ಹೇಳಬೇಕಿತ್ತೋ ಏನೋ. "ಇಲ್ಲ ಯವ್ವಾ" ಎಂದೆ.

ಅವರು ಕಣ್ಣು ಮುಚ್ಚಿ ನಿದ್ದೆಹೋದರು. ಆ ವಾರವೇ ತೀರಿಕೊಂಡರು. ನಾನು ಮುಖವನ್ನೇ ನೋಡದ ಆ ಹೆಣ್ಣುಮಗಳಿಗೆ ಸಿಗಬೇಕಾಗಿದ್ದ ಊಟ ಉಂಡೆ, ನಿದ್ದೆ ಮಾಡಿದೆ. ಕೊನೆಗೆ ಅವಳೊಬ್ಬಳೇ ಕೊಡಬಹುದಾಗಿದ್ದ ಕ್ಷಮೆಯನ್ನೂ ನಾನೇ ಕೊಟ್ಟುಬಿಟ್ಟೆ.